ಗೇಟಲ್ಲಿ ಊದಿದಾಗ 18 ಬಂತು, ನಾನು ಕುಡಿದೇ ಇರಲಿಲ್ಲ

ಪ್ರಶ್ನೆ: ನನಗೆ 27 ವರ್ಷ, ಊರು ಕಾಸರಗೋಡಿನ ಕುಂಬಳೆ ಹತ್ತಿರ. ದಿನಾ ರೈಲಿನಲ್ಲಿ ಮಂಗಳೂರು ಕಡೆಗೆ ಹೋಗಿ ಒಂದು ಕಾರ್ಖಾನೆಯಲ್ಲಿ ಕಂತ್ರಾಟಿನ ಮೇಲೆ ಫಿಟ್ಟರ್ ಕೆಲಸ ಮಾಡುತ್ತೇನೆ. ಹೋದ ವಾರ ಗೇಟಿನಲ್ಲಿ ಮಷೀನಿಗೆ ಊದಿಸಿದರು, 18 ತೋರಿಸಿತು. ನಾನು ಕುಡಿಯುವವನಲ್ಲ. ಕೆಮ್ಮಿಗೆಂದು ಅಮ್ಮ ಕೊಟ್ಟಿದ್ದ ಅರಿಷ್ಟವನ್ನು ಗೇಟಿನ ಎದುರಿನ ಹೋಟೆಲಿನಲ್ಲಿ ತಿಂಡಿ ಮುಗಿಸಿ ಕುಡಿದಿದ್ದೆ, ಅಷ್ಟೇ. ಹೇಳಿದರೂ ಯಾರೂ ಕೇಳಲಿಲ್ಲ, ಮೂರು ದಿನ ಹೊರಗೆ ನಿಲ್ಲಿಸಿದರು. ಈಗ ಅಬುಧಾಬಿಯ ಕೆಲಸವೊಂದಕ್ಕೆ ಸೆಲೆಕ್ಟ್ ಆಗಿದ್ದೇನೆ, ಮುಂದಿನ ತಿಂಗಳು ಮೂತ್ರ ಪರೀಕ್ಷೆ ಇದೆಯಂತೆ. ಗೆಳೆಯನೊಬ್ಬ ಗಾಂಜಾ ಸೇದುತ್ತಾನೆ, ಪಕ್ಕದಲ್ಲಿ ಕೂತರೆ ನನಗೂ ಬರುತ್ತದಾ? ಗಸಗಸೆ ಪಾಯಸದಿಂದ ಪಾಸಿಟಿವ್ ಆಗುತ್ತದೆ ಎನ್ನುತ್ತಾರೆ, ನಿಜವಾ? ಈ ಪರೀಕ್ಷೆಗಳು ಹೇಗೆ ನಡೆಯುತ್ತವೆ, ಪೂರ್ತಿ ತಿಳಿಸಿ.

ಉತ್ತರ: ನಿಮ್ಮ ಪತ್ರ ಓದಿ ಬೇಜಾರಾಯಿತು. ಮಷೀನು 18 ತೋರಿಸಿದ್ದಕ್ಕಲ್ಲ, ಇಪ್ಪತ್ತು ನಿಮಿಷ ಕೂರಿಸಿ ಇನ್ನೊಮ್ಮೆ ಊದಿಸಲಿಲ್ಲವಲ್ಲ, ಅದಕ್ಕೆ. ಅಷ್ಟು ಮಾಡಿದ್ದರೆ ಎಲ್ಲವೂ ಅಲ್ಲೇ ಮುಗಿಯುತ್ತಿತ್ತು. ಕಾರ್ಖಾನೆಗಳ ಡಾಕ್ಟರಾಗಿ ಇಷ್ಟು ವರ್ಷ ಕೆಲಸ ಮಾಡಿ ನಾನು ಕಂಡದ್ದು ಇದನ್ನೇ. ಮೊದಲ ರೀಡಿಂಗು ಬರೀ ಒಂದು ಸಂಶಯ. ಅದನ್ನೇ ತೀರ್ಪು ಎಂದುಕೊಂಡು ಕೆಲಸ ಕಳೆಯುವವರು ಬಹಳ.

ಮೊದಲು ಊದುವ ಮಷೀನಿನ ವಿಷಯ. ಕುಡಿದದ್ದು ರಕ್ತಕ್ಕೆ ಸೇರುತ್ತದೆ, ರಕ್ತ ಶ್ವಾಸಕೋಶಕ್ಕೆ ಹೋದಾಗ ಅದರಲ್ಲಿ ಸ್ವಲ್ಪ ಉಸಿರಿಗೆ ಬರುತ್ತದೆ. 2100 ಮಿಲಿ ಉಸಿರಿನಲ್ಲಿ ಇರುವಷ್ಟು ಆಲ್ಕೋಹಾಲು 1 ಮಿಲಿ ರಕ್ತದಲ್ಲಿ ಇರುತ್ತದೆ ಎಂಬ ಲೆಕ್ಕ ಇಟ್ಟುಕೊಂಡು, 100 ಮಿಲಿ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಎಂದು ಮಷೀನು ನಂಬರ್ ಕೊಡುತ್ತದೆ. ಆ ಲೆಕ್ಕ ಸರಿಯಾಗಬೇಕಾದರೆ ಉಸಿರು ಎದೆಯ ಆಳದಿಂದ ಬರಬೇಕು. ಅದಕ್ಕೇ ಉದ್ದಕ್ಕೆ ಊದಿ, ನಿಲ್ಲಿಸಬೇಡಿ ಎಂದು ಹೇಳುವುದು. ಆದರೆ ಬಾಯಿಯಲ್ಲೇ ಆಲ್ಕೋಹಾಲು ಉಳಿದಿದ್ದರೆ? ಅದು ಹಲ್ಲಿನ ಸಂದಿಯದೋ ರಕ್ತದ್ದೋ ಎಂದು ಗೇಟಿನಲ್ಲಿಡುವ ಸಾದಾ ಮಷೀನಿಗೆ ಗೊತ್ತಾಗುವುದಿಲ್ಲ. ಎಲ್ಲವನ್ನೂ ಸೇರಿಸಿ ತೋರಿಸಿಬಿಡುತ್ತದೆ.

ನಿಮ್ಮ ಅರಿಷ್ಟದ ಲೆಕ್ಕ ಹಾಕೋಣ. ಅರಿಷ್ಟ ಎಂದರೆ ಕಷಾಯಕ್ಕೆ ಬೆಲ್ಲ ಹಾಕಿ ಹುದುಗು ಬರಿಸಿದ್ದು, ಹಾಗಾಗಿ ಆಲ್ಕೋಹಾಲು ತಾನಾಗಿಯೇ ಹುಟ್ಟುತ್ತದೆ. ಎಷ್ಟು ಶೇಕಡಾ ಎಂದು ಬಾಟಲಿಯ ಲೇಬಲ್ ಮೇಲೆ ಬರೆದಿರುತ್ತದೆ, ಮನೆಗೆ ಹೋಗಿ ನೋಡಿ. 8 ಎಂದು ಇಟ್ಟುಕೊಳ್ಳಿ. 30 ಮಿಲಿ ಕುಡಿದರೆ ಒಳಗೆ ಹೋಗುವ ಆಲ್ಕೋಹಾಲು 2 ಗ್ರಾಮಿಗೂ ಕಡಿಮೆ. ನಿಮ್ಮ ಪ್ರಾಯದ, 65 ಕಿಲೋ ತೂಕದ ಗಂಡಸಿನ ರಕ್ತದಲ್ಲಿ ಅದು 100 ಮಿಲಿಗೆ 4 ಮಿಲಿಗ್ರಾಂ ಕೂಡ ದಾಟುವುದು ಕಷ್ಟ, ಅರ್ಧ ಗಂಟೆಯೊಳಗೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಹಾಗಾದರೆ 18 ಎಲ್ಲಿಂದ ಬಂತು? ಬಾಯಿಯಿಂದ. ಅರಿಷ್ಟ ಕುಡಿದು, ಬಾಯಿ ಮುಕ್ಕಳಿಸದೆ, ರಸ್ತೆ ದಾಟಿ ಐದು ನಿಮಿಷದಲ್ಲಿ ಊದಿದರೆ 18 ಏನು, ಇನ್ನೂ ಜಾಸ್ತಿ ಬರಬಹುದು. ಬಾಯಿಯ ಆಲ್ಕೋಹಾಲು 15 ರಿಂದ 20 ನಿಮಿಷದಲ್ಲಿ ಹೋಗುತ್ತದೆ. ಅದಕ್ಕೇ ಸರಿಯಾಗಿ ಪರೀಕ್ಷೆ ಮಾಡುವ ಕಡೆಗಳಲ್ಲಿ ಮೊದಲ ಸಲ ನಂಬರ್ ಬಂದರೆ ನೀರಿನಲ್ಲಿ ಬಾಯಿ ತೊಳೆಸಿ, ಏನೂ ತಿನ್ನಲು ಕುಡಿಯಲು ಕೊಡದೆ, ಬೀಡಿ ಸಿಗರೇಟಿಗೂ ಬಿಡದೆ ಕೂರಿಸುತ್ತಾರೆ. ಆಮೇಲೆ ಹೊಸ ಪೈಪು ಹಾಕಿ ಮತ್ತೆ ಊದಿಸುತ್ತಾರೆ. ಬಾಯಿಯದ್ದಾಗಿದ್ದರೆ ಎರಡನೇ ರೀಡಿಂಗು ಸೊನ್ನೆಗೆ ಬಂದಿರುತ್ತದೆ. ರಕ್ತದ್ದಾಗಿದ್ದರೆ ಅಷ್ಟರಲ್ಲಿ ಹೆಚ್ಚೇನೂ ಇಳಿದಿರುವುದಿಲ್ಲ.

ನೆನಪಿದೆಯಾ, 2025ರ ಜುಲೈಯಲ್ಲಿ ಪಂದಳಂ ಡಿಪೋದಲ್ಲಿ ಕೇರಳ ಕೆಎಸ್‌ಆರ್‌ಟಿಸಿ ಡ್ರೈವರುಗಳು ಹಲಸಿನ ಹಣ್ಣು ತಿಂದು ಊದಿ ಸಿಕ್ಕಿಬಿದ್ದದ್ದು? ಕುಡಿದಿಲ್ಲ ಎಂದು ಅವರು ಪಟ್ಟು ಹಿಡಿದರು. ಕೊನೆಗೆ ಮೊದಲು ಸೊನ್ನೆ ಬಂದವರೊಬ್ಬರಿಗೆ ಅದೇ ಹಣ್ಣು ತಿನ್ನಿಸಿ ಊದಿಸಿದರು, ಅವರಿಗೂ ನಂಬರ್ ಬಂತು. ತುಂಬಾ ಕಳಿತ ಹಲಸು ಒಳಗೇ ಹುಳಿಯಲು ಶುರುವಾಗಿರುತ್ತದೆ, ನಮ್ಮ ಕಡೆ ಮಳೆಗಾಲದ ತುಳುವೆ, ಅಂದರೆ ಮೆತ್ತಗಿನ ಹಲಸಿನ ಹಣ್ಣಿನ ವಾಸನೆ ಗೊತ್ತಿದ್ದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆ ಡ್ರೈವರುಗಳು ಮಾಡಿದ್ದೇ ಸರಿಯಾದ ಕೆಲಸ. ಜಗಳ ಮಾಡುವ ಬದಲು ಇನ್ನೊಂದು ಪರೀಕ್ಷೆ ಕೇಳಿದರು. ಹೋಮಿಯೋಪತಿ ಹನಿ, ಮೌತ್‌ವಾಶ್, ಕೆಲವು ಕೆಮ್ಮಿನ ಸಿರಪ್ಪು, ಕೈಗೆ ಆಗತಾನೇ ಹಚ್ಚಿದ ಸ್ಯಾನಿಟೈಸರ್, ಇವೂ ಹೀಗೇ ಮಾಡುತ್ತವೆ. ವಿಮಾನದ ಪೈಲಟ್‌ಗಳಿಗೆ, ವಿಮಾನಯಾನ ನೋಡಿಕೊಳ್ಳುವ ಕೇಂದ್ರದ ಡಿಜಿಸಿಎ ನಿಯಮದಲ್ಲಿ ಮೌತ್‌ವಾಶ್ ಬಳಸುವುದಕ್ಕೇ ನಿಷೇಧವಿದೆ, ಅಲ್ಲಿ ರೀಡಿಂಗು 0.000 ಇರಬೇಕು.

ನಿಮ್ಮ ಊರಿನವರೇ ಯಾರಾದರೂ ಕೇಳಬಹುದು, 18 ಬಂದರೆ ಏನಾಯಿತು, ಕಾನೂನಿನಲ್ಲಿ 30ರವರೆಗೆ ಇದೆಯಲ್ಲ ಎಂದು. ಆ 30 ಮಿಲಿಗ್ರಾಂ ಮೋಟಾರು ವಾಹನ ಕಾಯಿದೆಯ 185ನೇ ಸೆಕ್ಷನ್ನಿನದ್ದು, ರಸ್ತೆಯಲ್ಲಿ ಗಾಡಿ ಓಡಿಸುವವರಿಗೆ. ಕಾರ್ಖಾನೆ ತನ್ನ ನಿಯಮದಲ್ಲಿ ಸೊನ್ನೆ ಎಂದು ಬರೆದುಕೊಂಡಿದ್ದರೆ ಅಲ್ಲಿ ಸೊನ್ನೆಯೇ. ಎತ್ತರದಲ್ಲಿ ನಿಂತು ಕೆಲಸ ಮಾಡುವ, ಕ್ರೇನಿನ ಕೆಳಗೆ ಓಡಾಡುವ ಜಾಗದಲ್ಲಿ ಸೊನ್ನೆ ಇಡುವುದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಸೊನ್ನೆ ಇಟ್ಟವರು ಎರಡನೇ ಪರೀಕ್ಷೆಯನ್ನೂ ಇಡಲೇಬೇಕು. ಒಂದು ಚಮಚ ಔಷಧಿಗೂ ಸಿಕ್ಕಿಬೀಳುವ ನಿಯಮ ಮಾಡಿ, ಬಿಡಿಸಿಕೊಳ್ಳಲು ದಾರಿ ಇಡದಿದ್ದರೆ ಅದು ಅನ್ಯಾಯ.

ರಾತ್ರಿ ಕುಡಿದು ಬೆಳಿಗ್ಗೆ ಸಿಕ್ಕಿಬೀಳುವವರದ್ದು ಬೇರೆ ಕತೆ, ನಿಮಗೆ ಬೇಡವಾದರೂ ನಿಮ್ಮ ಜೊತೆಯವರಿಗೆ ಬೇಕಾಗಬಹುದು. 42.8 ಶೇಕಡಾದ ಒಂದು ಕ್ವಾರ್ಟರ್, ಅಂದರೆ 180 ಮಿಲಿ, ಅದರಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲು ಇರುತ್ತದೆ. 65 ಕಿಲೋದವನಿಗೆ ರಕ್ತದಲ್ಲಿ 130ರ ಮೇಲೆ ಹೋಗುತ್ತದೆ. ದೇಹ ಗಂಟೆಗೆ ಸುಮಾರು 15ರಂತೆ ಇಳಿಸುತ್ತದೆ. ಹನ್ನೊಂದು ಗಂಟೆಗೆ ಮುಗಿಸಿ ಮಲಗಿದವನು ಆರು ಗಂಟೆಗೆ ಶಿಫ್ಟಿಗೆ ಬಂದರೆ ಇನ್ನೂ 30ರ ಆಸುಪಾಸಿನಲ್ಲಿ ಇರುತ್ತಾನೆ. ನಿದ್ದೆ ಆಗಿದೆ, ತಲೆ ಸರಿಯಿದೆ ಎಂದು ಅವನಿಗೆ ಅನಿಸುತ್ತದೆ. ತಣ್ಣೀರು ಸ್ನಾನ, ಹಾಲು ಹಾಕದ ಕಟ್ಟಂಚಾಯ, ಲಿಂಬೆ ರಸ, ಯಾವುದೂ ಆ 15ನ್ನು ಜಾಸ್ತಿ ಮಾಡುವುದಿಲ್ಲ.

ಇನ್ನು ಮೂತ್ರ ಪರೀಕ್ಷೆ. ನೀವು ಹೆದರಿರುವುದು ಇದಕ್ಕೇ ಎಂದು ಕಾಣುತ್ತದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೋದ ಕೂಡಲೇ ಗುರುತಿನ ಚೀಟಿ ನೋಡುತ್ತಾರೆ, ಕಿಸೆಯಲ್ಲಿ ಇರುವುದನ್ನೆಲ್ಲ ಹೊರಗೆ ಇಡಿಸುತ್ತಾರೆ. ಕಟ್ಟುನಿಟ್ಟಿನ ಕಡೆಗಳಲ್ಲಿ ಶೌಚಾಲಯದ ನಲ್ಲಿ ಬಂದ್ ಮಾಡಿ, ಕಮೋಡಿನ ನೀರಿಗೆ ನೀಲಿ ಬಣ್ಣ ಹಾಕಿರುತ್ತಾರೆ, ಯಾರೂ ಆ ನೀರನ್ನು ಕಪ್ಪಿಗೆ ಬೆರೆಸಬಾರದು ಎಂದು. ಕಪ್ಪಿನ ಹೊರಗೆ ಸಣ್ಣ ಥರ್ಮಾಮೀಟರ್ ಪಟ್ಟಿ ಅಂಟಿಸಿರುತ್ತದೆ. ಕೊಟ್ಟ ನಾಲ್ಕು ನಿಮಿಷದೊಳಗೆ ಅದು 32 ರಿಂದ 38 ಡಿಗ್ರಿಯ ನಡುವೆ ಇರಬೇಕು. ಬಾಟಲಿಯಲ್ಲಿ ತಂದು ಸುರಿದದ್ದು ಇಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ನಿಮ್ಮ ಕಣ್ಣೆದುರೇ ಎರಡು ಬಾಟಲಿಗೆ ಹಂಚಬೇಕು, ಎ ಮತ್ತು ಬಿ. ಎರಡಕ್ಕೂ ಸೀಲು, ಸೀಲಿನ ಮೇಲೆ ನಿಮ್ಮ ಸಹಿ. ಸೀಲು ಹಾಕುವವರೆಗೆ ಆ ಕಪ್ಪಿನಿಂದ ಕಣ್ಣು ತೆಗೆಯಬೇಡಿ. ನಾಚಿಕೆಯಲ್ಲಿ ಕಪ್ಪು ಕೊಟ್ಟು ಓಡುವವರೇ ಜಾಸ್ತಿ. ಆ ಎರಡು ನಿಮಿಷ ಅಲ್ಲೇ ನಿಲ್ಲಿ. ನಿಮ್ಮ ಹೆಸರಿನ ಬಾಟಲಿಯಲ್ಲಿ ಇನ್ನೊಬ್ಬರ ಮೂತ್ರ ಇಲ್ಲ ಎಂದು ನಾಳೆ ಹೇಳಲು ನಿಮಗೆ ಇರುವ ಸಾಕ್ಷಿ ಆ ಸಹಿ ಮಾತ್ರ.

ಮೊದಲ ಹಂತದಲ್ಲಿ ಕಿಟ್ ಅಥವಾ ಲ್ಯಾಬಿನ ಮಷೀನಿನಲ್ಲಿ ಬೇಗ ನೋಡುವ ಪರೀಕ್ಷೆ. ಕಿಟ್ಟಿನ ಪಟ್ಟಿ ಓದುವ ಕ್ರಮ ಒಂದು ಗೊತ್ತಿರಲಿ. ಕೊರೋನಾ ಕಿಟ್ ನೋಡಿ ನಮಗೆಲ್ಲ ಎರಡು ಗೆರೆ ಎಂದರೆ ಪಾಸಿಟಿವ್ ಎಂದು ತಲೆಯಲ್ಲಿ ಕೂತಿದೆ. ಇಲ್ಲಿ ಅದು ತಿರುಗಾಮುರುಗಾ. ಸಿ ಹತ್ತಿರ ಒಂದು ಗೆರೆ, ಟಿ ಹತ್ತಿರ ಇನ್ನೊಂದು ಗೆರೆ ಇದ್ದರೆ ನೆಗೆಟಿವ್. ಟಿ ಗೆರೆ ಮೂಡದೇ ಇದ್ದರೆ ಪಾಸಿಟಿವ್. ಟಿ ಗೆರೆ ತೀರಾ ತೆಳುವಾಗಿ, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟಿದ್ದರೂ ಅದು ನೆಗೆಟಿವ್ವೇ. ಸಿ ಗೆರೆಯೇ ಇಲ್ಲದಿದ್ದರೆ ಕಿಟ್ ಕೆಟ್ಟಿದೆ, ಹೊಸದು ತೆಗೆಯಬೇಕು. ತೆಳು ಗೆರೆ ನೋಡಿ ಪಾಸಿಟಿವ್ ಎಂದು ಬರೆದ ನರ್ಸನ್ನೂ ಕಂಡಿದ್ದೇನೆ.

ಈ ಮೊದಲ ಹಂತಕ್ಕೆ ಮೋಸ ಹೋಗುವ ಸ್ವಭಾವ ಇದೆ. ಅದು ವಸ್ತುವಿನ ಆಕಾರ ನೋಡಿ ಹಿಡಿಯುತ್ತದೆ, ಹಾಗಾಗಿ ಹತ್ತಿರದ ಆಕಾರದ ಔಷಧಿಯನ್ನೂ ಹಿಡಿದುಬಿಡುತ್ತದೆ. ಮೂಗು ಕಟ್ಟಿದಾಗ ತೆಗೆದುಕೊಳ್ಳುವ ಸ್ಯೂಡೋಎಫೆಡ್ರಿನ್, ಬಿಪಿಗೆ ಕೊಡುವ ಲ್ಯಾಬೆಟಲಾಲ್ ಆಂಫೆಟಮಿನ್ ಎಂದು ತೋರಿಸಬಹುದು. ಮನಸ್ಸಿನ ಕಾಯಿಲೆಗೆ ಕೊಡುವ ಸರ್ಟ್ರಾಲಿನ್ ನಿದ್ದೆ ಮಾತ್ರೆಯ ಹಾಗೆ ಕಾಣಬಹುದು. ಓಫ್ಲೋಕ್ಸಾಸಿನ್, ಲಿವೋಫ್ಲೋಕ್ಸಾಸಿನ್ ಎಂಬ ಆಂಟಿಬಯೋಟಿಕ್‌ಗಳು ಅಫೀಮಿನ ಸಾಲಿನಲ್ಲಿ ಪಾಸಿಟಿವ್ ಕೊಡಬಹುದು.

ಕೊನೆಯದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಿಂದೆ ನಾನಿದ್ದ ಒಂದು ಕಾರ್ಖಾನೆಯಲ್ಲಿ ಬದಿಯಡ್ಕ ಕಡೆಯ ಕ್ರೇನ್ ಆಪರೇಟರ್ ಒಬ್ಬರು, ಐವತ್ತರ ಹತ್ತಿರದ ಪ್ರಾಯ, ಎಲೆ ಅಡಿಕೆ ಬಿಟ್ಟರೆ ಬೇರೆ ಚಟ ಇಲ್ಲದವರು. ಕಿಟ್ಟಿನಲ್ಲಿ ಅಫೀಮಿನ ಗೆರೆ ಮೂಡಲಿಲ್ಲ. ಅವರು ಮೂತ್ರದ ಉರಿಗೆ ಓಫ್ಲೋಕ್ಸಾಸಿನ್ ತೆಗೆದುಕೊಳ್ಳುತ್ತಿದ್ದರು. ನಾನು ಕೇಳಲಿಲ್ಲ, ಅವರಿಗೆ ಹೇಳಬೇಕೆಂದು ಗೊತ್ತಿರಲಿಲ್ಲ. ಸ್ಯಾಂಪಲ್ ಲ್ಯಾಬಿಗೆ ಕಳಿಸದೆ ಚೆಲ್ಲಿದರು. ನಾನು ಸಹಿ ಹಾಕಿದೆ. ವಾರ ಕಳೆದು ಅವರ ಮಗಳು ಮಾತ್ರೆಯ ಚೀಟಿ ಹಿಡಿದುಕೊಂಡು ಬಂದಾಗ ಮತ್ತೆ ನೋಡಲು ಏನೂ ಉಳಿದಿರಲಿಲ್ಲ. ಕೆಲಸ ಹೋಗಿತ್ತು. ಆ ದಿನದಿಂದ ನಾನು ಯಾರ ಸ್ಯಾಂಪಲ್ ತೆಗೆಯುವ ಮೊದಲೂ, ಹೋದ ಹದಿನೈದು ದಿನದಲ್ಲಿ ಏನೇನು ಔಷಧಿ ತೆಗೆದುಕೊಂಡಿದ್ದೀರಿ ಎಂದು ಕೇಳಿ ಬರೆದುಕೊಳ್ಳುತ್ತೇನೆ. ನೀವೂ ಅವರು ಕೇಳದಿದ್ದರೂ ಹೇಳಿ, ಬರೆಯಿಸಿ, ಡಾಕ್ಟರ ಚೀಟಿಯ ಒಂದು ಪ್ರತಿ ಕೊಡಿ. ರಿಸಲ್ಟ್ ಬಂದ ಮೇಲೆ ಹೇಳಿದರೆ ನೆಪ ಹೇಳುತ್ತಾನೆ ಎನ್ನುತ್ತಾರೆ, ಮೊದಲೇ ಹೇಳಿದ್ದರೆ ಅದಕ್ಕೆ ಬೆಲೆ ಇದೆ.

ಎರಡನೇ ಹಂತದಲ್ಲಿ ಇಂಥ ಮೋಸ ನಡೆಯುವುದಿಲ್ಲ. ಜಿಸಿ-ಎಂಎಸ್ ಅಥವಾ ಎಲ್‌ಸಿ-ಎಂಎಸ್ ಎಂಬ ದೊಡ್ಡ ಮಷೀನಿನಲ್ಲಿ ವಸ್ತುವನ್ನು ಬಿಡಿಸಿ, ತೂಗಿ, ಇದು ಇಂಥದ್ದೇ ಎಂದು ಹೇಳುತ್ತಾರೆ. ಓಫ್ಲೋಕ್ಸಾಸಿನ್ ಅಲ್ಲಿ ಅಫೀಮು ಎಂದು ಬರುವುದೇ ಇಲ್ಲ. ನೀವು ಬಾಯಿಪಾಠ ಮಾಡಿಟ್ಟುಕೊಳ್ಳಬೇಕಾದ ಮಾತು ಇದೇ: "ಕಿಟ್ಟಿನಲ್ಲಿ ಪಾಸಿಟಿವ್ ಬಂದಿದ್ದರೆ ಕನ್ಫರ್ಮೇಷನ್ ಪರೀಕ್ಷೆ ಮಾಡಿಸಿ, ಬಿ ಸ್ಯಾಂಪಲ್ ಚೆಲ್ಲಬೇಡಿ, ನನಗೆ ಬರಹದಲ್ಲಿ ಕೊಡಿ." ಜೋರು ಮಾಡುವುದು ಬೇಡ, ಮೆತ್ತಗೆ ಹೇಳಿ, ಆದರೆ ಬಿಡಬೇಡಿ.

ಗಾಂಜಾ ಪಕ್ಕದಲ್ಲಿ ಸೇದಿದರೆ ಬರುತ್ತದಾ ಎಂದಿರಿ. ಸಾಮಾನ್ಯವಾಗಿ ಮೊದಲ ಹಂತದ ಮಿತಿ ಮಿಲಿಗೆ 50 ನ್ಯಾನೋಗ್ರಾಂ, ಎರಡನೇ ಹಂತದಲ್ಲಿ 15. ಬಯಲಿನಲ್ಲಿ, ಜಗಲಿಯಲ್ಲಿ, ಕಿಟಕಿ ತೆರೆದ ಕೋಣೆಯಲ್ಲಿ ಕೂತವನಿಗೆ ಅಷ್ಟು ಬರುವುದಿಲ್ಲ. ಕಿಟಕಿ ಮುಚ್ಚಿದ ಕಾರಿನೊಳಗೆ ಹೊಗೆ ತುಂಬಿಸಿಕೊಂಡು ಗಂಟೆಗಟ್ಟಲೆ ಕೂತರೆ ಸ್ವಲ್ಪ ಹೊತ್ತಿಗೆ ಬರಬಹುದು. ಪರೀಕ್ಷೆ ಮುಗಿಯುವವರೆಗೆ ಆ ಗೆಳೆಯನ ಕಾರು ಹತ್ತಬೇಡಿ ಎಂದಷ್ಟೇ ಹೇಳುತ್ತೇನೆ. ಸೇದುವವನ ಮೂತ್ರದಲ್ಲಿ ಅದು ಎಷ್ಟು ದಿನ ಇರುತ್ತದೆ ಎಂದರೆ, ಒಂದೇ ಸಲ ಸೇದಿದರೆ ಮೂರು ದಿನ, ದಿನಾ ಸೇದುವವನಿಗೆ ತಿಂಗಳು, ಕೆಲವರಿಗೆ ಅದಕ್ಕಿಂತ ಜಾಸ್ತಿ, ಯಾಕೆಂದರೆ ಅದು ಕೊಬ್ಬಿನಲ್ಲಿ ಕೂತು ನಿಧಾನಕ್ಕೆ ಇಳಿಯುತ್ತದೆ. ಎಂಡಿಎಂಎ, ಕೊಕೇನ್, ಹೆರಾಯಿನ್ ಎರಡು-ಮೂರು ದಿನ, ಹೆಚ್ಚೆಂದರೆ ನಾಲ್ಕು. ಕೂದಲು ತೆಗೆದರೆ ಮೂರು ತಿಂಗಳ ಹಿಂದಿನದ್ದೂ ಸಿಗುತ್ತದೆ. ಹೀಗಾಗಿ ಮೂತ್ರದಲ್ಲಿ ಗಾಂಜಾ ಬಂದರೆ ಅವನು ಯಾವಾಗಲೋ ಸೇದಿದ್ದಾನೆ ಎಂದಷ್ಟೇ ಗೊತ್ತಾಗುತ್ತದೆ. ಈ ಹೊತ್ತಿಗೆ ಅಮಲಿನಲ್ಲಿ ಇದ್ದಾನೆ ಎಂದು ಅದರಿಂದ ಹೇಳಲಾಗುವುದಿಲ್ಲ. ಊದುವ ಮಷೀನಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು, ಎಷ್ಟೋ ಮ್ಯಾನೇಜರುಗಳಿಗೂ ಗೊತ್ತಿಲ್ಲ.

ನೀರು ಕುಡಿದು ತಪ್ಪಿಸಿಕೊಳ್ಳಬಹುದು ಎಂದು ಯಾರಾದರೂ ನಿಮಗೆ ಹೇಳುತ್ತಾರೆ. ಲ್ಯಾಬಿನಲ್ಲಿ ಮೂತ್ರದ ಕ್ರಿಯಾಟಿನಿನ್, ಅಂದರೆ ದೇಹ ಸದಾ ಮೂತ್ರಕ್ಕೆ ಬಿಡುವ ಒಂದು ವಸ್ತು, 100 ಮಿಲಿಗೆ ಎಷ್ಟು ಮಿಲಿಗ್ರಾಂ ಇದೆ ಎಂದು ನೋಡುತ್ತಾರೆ. 20ಕ್ಕಿಂತ ಕೆಳಗೆ ಇದ್ದರೆ ನೀರಾಗಿದೆ ಎಂದು ಮತ್ತೆ ಕರೆಸುತ್ತಾರೆ, 2ಕ್ಕಿಂತ ಕೆಳಗಿದ್ದರೆ ಅದು ಮನುಷ್ಯನ ಮೂತ್ರವೇ ಅಲ್ಲ ಎಂದು ಬರೆಯುತ್ತಾರೆ. ನಿಮ್ಮಂಥ ಏನೂ ಇಲ್ಲದವರು ಹೆದರಿ ಎರಡು ಲೀಟರ್ ನೀರು ಕುಡಿದು ಹೋಗಿ, ಸುಮ್ನೆ ಸಂಶಯ ತಂದುಕೊಳ್ಳುತ್ತಾರೆ. ಒಂದು ಲೋಟ ಸಾಕು.

ಗಸಗಸೆ ವಿಷಯ ನಿಜ. ಗಸಗಸೆ ಅಫೀಮಿನ ಗಿಡದ್ದೇ ಬೀಜ, ಅದರ ಮೇಲೆ ಮಾರ್ಫಿನ್ ಸ್ವಲ್ಪ ಅಂಟಿರುತ್ತದೆ. ಪಾಯಸಕ್ಕೆ ಹುರಿದು ರುಬ್ಬುವಾಗ ಒಂದಷ್ಟು ಹೋಗುತ್ತದೆ, ಎಲ್ಲ ಹೋಗುವುದಿಲ್ಲ. ಎರಡು ಲೋಟ ಕುಡಿದರೆ ಒಂದೆರಡು ದಿನ ಮೂತ್ರದಲ್ಲಿ ಕಾಣಬಹುದು. ಅಮೆರಿಕದಲ್ಲಿ ಇದೇ ಗಲಾಟೆಯಿಂದ 1998ರಲ್ಲಿ ಅಫೀಮಿನ ಮಿತಿಯನ್ನು 300 ನ್ಯಾನೋಗ್ರಾಮಿನಿಂದ 2000ಕ್ಕೆ ಏರಿಸಿದರು. ನಮ್ಮಲ್ಲಿ ಸಿಗುವ ಎಷ್ಟೋ ಕಿಟ್‌ಗಳು ಈಗಲೂ 300ರವೇ. ಹೆರಾಯಿನ್ ತೆಗೆದುಕೊಂಡವನ ಮೂತ್ರದಲ್ಲಿ 6-ಎಂಎಎಂ ಎಂಬ ವಸ್ತು ಬರುತ್ತದೆ, ಗಸಗಸೆಯಿಂದ ಅದು ಹುಟ್ಟುವುದೇ ಇಲ್ಲ, ಹಾಗಾಗಿ ದೊಡ್ಡ ಲ್ಯಾಬು ಎರಡನ್ನೂ ಬೇರೆ ಮಾಡಬಲ್ಲದು. ಆದರೂ ಪರೀಕ್ಷೆಗೆ ಮೊದಲಿನ ನಾಲ್ಕು ದಿನ ಮದುವೆ, ಗೃಹಪ್ರವೇಶಕ್ಕೆ ಹೋದರೆ ಗಸಗಸೆ ಪಾಯಸ ಬೇಡ ಎನ್ನಿ. ಅಫೀಮಿನ ಜಾತಿಯದ್ದೇ ಆದ ಕೊಡೀನ್ ಇರುವ ಕೆಮ್ಮಿನ ಸಿರಪ್ಪೂ ಬೇಡ, ನಿಮ್ಮ ಕೆಮ್ಮಿಗೆ ಡಾಕ್ಟರ ಹತ್ತಿರ ಬೇರೆ ಔಷಧಿ ಕೇಳಿ.

ಫಾರಂ ಬಗ್ಗೆ ಒಂದು ಮಾತು. ನಾವು ಗಡಿಯವರು ಸಹಿ ಹಾಕುವುದು ಒಂದೋ ಇಂಗ್ಲಿಷಿನಲ್ಲಿ, ಇಲ್ಲ ಮಲಯಾಳದಲ್ಲಿ ಇರುವ ಕಾಗದಕ್ಕೆ. ಓದಲು ಬಾರದಿದ್ದರೂ ನಾಚಿಕೆಯಿಂದ ಹಾಕಿಬಿಡುತ್ತೇವೆ. ಆ ಒಪ್ಪಿಗೆ ಕಾಗದದಲ್ಲೇ ಎಲ್ಲ ಇರುತ್ತದೆ. ಏನನ್ನು ನೋಡುತ್ತಾರೆ, ರಿಸಲ್ಟ್ ಯಾರಿಗೆ ಹೋಗುತ್ತದೆ, ಪರೀಕ್ಷೆಗೆ ಒಪ್ಪದಿದ್ದರೆ ಪಾಸಿಟಿವ್ ಎಂದೇ ಲೆಕ್ಕವಾ, ಎರಡನೇ ಪರೀಕ್ಷೆ ಕೇಳಬಹುದಾ. ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಿ. ಯಾರೂ ಸಿಗದಿದ್ದರೆ ಫೋಟೋ ತೆಗೆದು ಗೊತ್ತಿರುವವರಿಗೆ ಕಳಿಸಿ, ಅರ್ಧ ಗಂಟೆ ತಡವಾದರೆ ಆಗಲಿ.

ಹಡಗಿಗೆ ಹೋಗುವವರು ಪಾಲಕುನ್ನು, ಉದುಮ ಕಡೆ ಮನೆಮನೆಗೂ ಇದ್ದಾರೆ, ಅವರನ್ನು ಕೇಳಿದರೆ ಇದೆಲ್ಲ ಗೊತ್ತಿರುತ್ತದೆ. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನ ಎಣ್ಣೆ ಸಮುದ್ರಕ್ಕೆ ಚೆಲ್ಲಿದ ಮೇಲೆ ಎಣ್ಣೆ ಹಡಗುಗಳಲ್ಲಿ ಈ ಪರೀಕ್ಷೆ ಬಿಗಿಯಾಯಿತು, ಅವರಿಗೆ ಇದು ಅಭ್ಯಾಸ.

ನಿಮ್ಮ ಜೊತೆಯಲ್ಲಿ ದಿನಾ ಕುಡಿಯುವವರು ಯಾರಾದರೂ ಇದ್ದರೆ ಇದನ್ನು ಖಂಡಿತ ಹೇಳಿ. ಪರೀಕ್ಷೆ ಇದೆ ಎಂದು ಒಂದೇ ದಿನಕ್ಕೆ ಪೂರ್ತಿ ನಿಲ್ಲಿಸಬೇಡಿ. ವರ್ಷಗಟ್ಟಲೆ ದಿನಾ ಕುಡಿದ ದೇಹಕ್ಕೆ ಥಟ್ಟನೆ ನಿಂತರೆ ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು, ಮೂರನೇ ದಿನದ ಹೊತ್ತಿಗೆ ಕೈ ನಡುಗಿ, ಇಲ್ಲದ್ದೆಲ್ಲ ಕಂಡು ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರ ಹತ್ತಿರ ಮಾತ್ರೆಯ ಸಹಾಯದಲ್ಲಿ ನಿಲ್ಲಿಸಬೇಕು. ಕೇರಳದಲ್ಲಿ ಚಟ ಬಿಡಿಸಲು ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆ ಇದೆ, ನಂಬರ್ 14405. ಕರ್ನಾಟಕದ ಕಡೆ ಇರುವವರಿಗೆ ಕೇಂದ್ರದ 14446. ಗಾಂಜಾ ಸೇದುವ ನಿಮ್ಮ ಗೆಳೆಯನಿಗೂ ಹೇಳಿ. ಸ್ವಂತ ಬಳಕೆಗೆ ಸಿಕ್ಕಿಬಿದ್ದವನು ತಾನಾಗಿ ಚಿಕಿತ್ಸೆಗೆ ಬಂದು, ಅದನ್ನು ಪೂರ್ತಿ ಮಾಡಿದರೆ ಕೇಸಿನಿಂದ ವಿನಾಯಿತಿ ಕೊಡುವ 64ಎ ಸೆಕ್ಷನ್ ಮಾದಕವಸ್ತುಗಳ ಎನ್‌ಡಿಪಿಎಸ್ ಕಾಯಿದೆಯಲ್ಲೇ ಇದೆ.

ಈಗಿನ ಕಂಪೆನಿಗೆ ಒಂದು ಪುಟದ ಪತ್ರ ಬರೆಯಿರಿ. ಯಾವ ದಿನ, ಎಷ್ಟು ಗಂಟೆಗೆ ಊದಿದ್ದು, ಅರಿಷ್ಟ ಎಷ್ಟು ಹೊತ್ತಿಗೆ ಕುಡಿದದ್ದು, ಲೇಬಲಿನ ಫೋಟೋ, ಎರಡನೇ ಸಲ ಊದಿಸಲಿಲ್ಲ ಎಂಬುದು. ಮಷೀನಿಗೆ ಕೊನೆಯ ಸಲ ಕ್ಯಾಲಿಬ್ರೇಷನ್ ಯಾವಾಗ ಮಾಡಿದ್ದು ಎಂದೂ ಕೇಳಿ. ಮೂರು ದಿನದ ಸಂಬಳ ಸಿಗುತ್ತದೋ ಬಿಡುತ್ತದೋ, ನಿಮ್ಮ ಫೈಲಿನಲ್ಲಿ ಕುಡಿದು ಬಂದವನು ಎಂದು ಮಾತ್ರ ಉಳಿಯಬಾರದು.

ಮತ್ತೆ ಅಬುಧಾಬಿಗೆ ಹೊರಡುವಾಗ ಅಮ್ಮ ಮಸಾಲೆ ಡಬ್ಬಿ ಕಟ್ಟಿಕೊಡುತ್ತಾರಲ್ಲ, ಅದರಲ್ಲಿ ಗಸಗಸೆ ಇದ್ದರೆ ತೆಗೆದಿಡಿ. ಯುಎಇಯಲ್ಲಿ ಗಸಗಸೆಗೆ ನಿಷೇಧ ಇದೆ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಕೊಡೀನ್ ಇರುವ, ಇಲ್ಲವೇ ನೋವಿಗೆ ಕೊಡುವ ಟ್ರಮಡಾಲ್ ಇರುವ ಮಾತ್ರೆಗಳಿಗೂ ಅಲ್ಲಿ ಮೊದಲೇ ಪರವಾನಗಿ ಬೇಕು.